ಔಷಧಿಯ ಹದ: ವಯಸ್ಕರ ಎಡಿಎಚ್‌ಡಿಗೆ ಸರಿಯಾದ ಮದ್ದನ್ನೂ ಡೋಸನ್ನೂ ಕಂಡುಕೊಳ್ಳುವ ಬಗೆ

ಸಕ್ಕರೆ ಕಾಯಿಲೆಯ ಮದ್ದು ಎಷ್ಟು ಬೇಕೆಂದು ರಕ್ತಪರೀಕ್ಷೆ ಹೇಳುತ್ತದೆ. ವಯಸ್ಕರ ಎಡಿಎಚ್‌ಡಿಗೆ, ಅಂದರೆ ಗಮನ ಕೊರತೆಯ ತೊಂದರೆಗೆ, ಅಂಥ ಪರೀಕ್ಷೆ ಯಾವುದೂ ಇಲ್ಲ. ಒಂದೇ ವಯಸ್ಸು, ಒಂದೇ ತೂಕದ ಮೂವರಲ್ಲಿ ಒಬ್ಬರಿಗೆ ದಿನವಿಡೀ ಕೆಲಸ ಮಾಡುವ ಮೀಥೈಲ್‌ಫೆನಿಡೇಟ್ 18 ಮಿಲಿಗ್ರಾಂ ಸಾಕಾಗುತ್ತದೆ, ಇನ್ನೊಬ್ಬರಿಗೆ 54 ಬೇಕಾಗುತ್ತದೆ, ಮೂರನೆಯವರಿಗೆ ಆ ಔಷಧಿಯೇ ಒಗ್ಗುವುದಿಲ್ಲ. ತೊಂದರೆ ಎಷ್ಟು ತೀವ್ರವಾಗಿದೆ ಎಂಬುದರಿಂದಲೂ ಡೋಸ್ ತಿಳಿಯುವುದಿಲ್ಲ. ಬದುಕೇ ಅಸ್ತವ್ಯಸ್ತವಾದವರಿಗೆ ಕಡಿಮೆ ಡೋಸ್ ಸಾಲಬಹುದು, ಹೊರಗಿನಿಂದ ಎಲ್ಲ ಸರಿಯಿದ್ದಂತೆ ಕಾಣುವವರಿಗೆ ಹೆಚ್ಚು ಬೇಕಾಗಬಹುದು. ಆದ್ದರಿಂದ ಕೆಳಗಿನಿಂದ ಶುರು ಮಾಡಿ, ಒಂದೊಂದೇ ಮೆಟ್ಟಿಲು ಹತ್ತುತ್ತಾ, ಪ್ರತಿ ಮೆಟ್ಟಿಲಿನಲ್ಲೂ ನಿಂತು ನೋಡುವುದೊಂದೇ ದಾರಿ. ಡೋಸ್ ಬದಲಿಸುವ ಕೆಲಸ ವೈದ್ಯರದು. ನೋಡುವ ಕೆಲಸ ಮಾತ್ರ ಮಾತ್ರೆ ನುಂಗುವವರದೇ, ಅದನ್ನು ಬೇರೆ ಯಾರೂ ಮಾಡಿಕೊಡಲಾರರು.

ನನಗೆ ಈ ತೊಂದರೆ ಇದೆಯೆಂದು ಗೊತ್ತಾದದ್ದು ನಲವತ್ತರ ಹತ್ತಿರ. ಸರಿಯಾದ ಡೋಸ್ ಸಿಗುವುದಕ್ಕೆ ಏಳು ತಿಂಗಳು ಹಿಡಿಯಿತು. ಅದರಲ್ಲಿ ಮೂರು ತಿಂಗಳಾದರೂ ವ್ಯರ್ಥವಾದದ್ದು ಔಷಧಿಯ ದೋಷದಿಂದಲ್ಲ, ಏನನ್ನು ಗಮನಿಸಬೇಕೆಂದು ನನಗೆ ಯಾರೂ ಹೇಳಿರಲಿಲ್ಲವಾದ್ದರಿಂದ. ಹಾಗಾಗಿ ಈ ಲೇಖನದಲ್ಲಿ ಔಷಧಿಗಳ ಹೆಸರುಗಳಿಗಿಂತ ಗಮನಿಸುವ ಬಗೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಇಲ್ಲಿ ಬರುವ ಮಿಲಿಗ್ರಾಂ ಲೆಕ್ಕಗಳು ವೈದ್ಯರ ಮಾತು ಅರ್ಥವಾಗಲಿ ಎಂದು ಕೊಟ್ಟವೇ ಹೊರತು, ತಾವಾಗಿಯೇ ಮಾತ್ರೆ ಕೂಡಿಸಿ ಕಳೆಯುವುದಕ್ಕಲ್ಲ.

ಮೊದಲ ಮಾತ್ರೆಗೂ ಮುಂಚೆ

ಮೊದಲ ಭೇಟಿಯಲ್ಲಿ ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಬೇಕಾದ ಕೆಲವು ಸಂಗತಿಗಳಿವೆ. ಓಡುವಾಗ ಅಥವಾ ಮೆಟ್ಟಿಲು ಹತ್ತುವಾಗ ಎಂದಾದರೂ ಪ್ರಜ್ಞೆ ತಪ್ಪಿದ್ದು, ಎದೆ ವಿಪರೀತ ಹೊಡೆದುಕೊಂಡದ್ದು, ತಂದೆ ತಾಯಿ ಒಡಹುಟ್ಟಿದವರಲ್ಲಿ ಯಾರಾದರೂ ನಲವತ್ತರ ಒಳಗೇ ಹೃದಯದ ಕಾರಣದಿಂದ ಹಠಾತ್ತನೆ ತೀರಿಕೊಂಡದ್ದು. ಗ್ಲಾಕೋಮ, ಥೈರಾಯ್ಡ್ ಹೆಚ್ಚಾಗಿರುವುದು, ಮೂರ್ಛೆರೋಗ. ನಿಮಗಾಗಲಿ ಮನೆಯವರಿಗಾಗಲಿ ಬೈಪೋಲಾರ್ ಅಥವಾ ಭ್ರಮೆಯ ಕಾಯಿಲೆ ಇದ್ದದ್ದು. ಕುಡಿತದ ಅಥವಾ ಬೇರೆ ಚಟದ ಹಿನ್ನೆಲೆ. ಗರ್ಭಿಣಿಯಾಗಿರುವುದು ಅಥವಾ ಆಗುವ ಆಲೋಚನೆಯಿರುವುದು. ಬೈಪೋಲಾರ್ ಇರುವವರಲ್ಲಿ ಮೊದಲು ಮನಸ್ಸಿನ ಏರಿಳಿತವನ್ನು ಹತೋಟಿಗೆ ತಂದು, ಆಮೇಲೆ ಗಮನದ ಔಷಧಿಗೆ ಕೈಹಾಕುವುದು ರೂಢಿ. ಇದನ್ನು ಮುಚ್ಚಿಟ್ಟರೆ ಮೀಥೈಲ್‌ಫೆನಿಡೇಟಿನಂಥ ಉತ್ತೇಜಕ ಔಷಧಿಯೇ ಉನ್ಮಾದವನ್ನು ಕೆರಳಿಸಬಹುದು. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ, ನೆಗಡಿಯ ಮಾತ್ರೆ ಮತ್ತು ಗಿಡಮೂಲಿಕೆಯನ್ನು ಬಿಡದೆ, ಬರೆದುಕೊಂಡು ಹೋಗಿ. ಖಿನ್ನತೆಗೆ ಕೊಡುವ ಎಂಎಒಐ ವರ್ಗದ ಔಷಧಿ ನಿಲ್ಲಿಸಿ 14 ದಿನ ಕಳೆಯುವ ಮುನ್ನ ಉತ್ತೇಜಕಗಳನ್ನಾಗಲಿ ಅಟೊಮಾಕ್ಸೆಟಿನ್ ಎಂಬ ಉತ್ತೇಜಕವಲ್ಲದ ಔಷಧಿಯನ್ನಾಗಲಿ ಶುರು ಮಾಡುವಂತಿಲ್ಲ. ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಬಹುದು.

ರಕ್ತದೊತ್ತಡ, ನಾಡಿಬಡಿತ, ತೂಕ, ಈ ಮೂರನ್ನೂ ಔಷಧಿ ಶುರುವಾಗುವ ಮೊದಲೇ ಅಳೆದು ಬರೆದಿಟ್ಟುಕೊಳ್ಳಬೇಕು. ಮುಂದೆ ನಾಡಿ 92 ಎಂದು ಕಂಡಾಗ ಅದು ಔಷಧಿಯಿಂದ ಬಂದದ್ದೋ ಮೊದಲಿನಿಂದ ಇದ್ದದ್ದೋ ಎಂದು ತಿಳಿಯಲು ಬೇರೆ ದಾರಿಯಿಲ್ಲ. ಹೃದಯದ ತೊಂದರೆಯ ಸುಳಿವೇನೂ ಇಲ್ಲದಿದ್ದರೆ ಎಲ್ಲರಿಗೂ ಇಸಿಜಿ ಬೇಕಾಗುವುದಿಲ್ಲ.

ನಿದ್ರೆಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ರಾತ್ರಿ ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ಕಟ್ಟುವವರಿಗೆ, ತಿಂಗಳುಗಟ್ಟಲೆ ಐದು ಗಂಟೆ ಮಾತ್ರ ಮಲಗುವವರಿಗೆ, ಹಗಲಿನಲ್ಲಿ ಕಾಣುವ ಮರೆವು ಮತ್ತು ಮಂಕುತನ ಎಡಿಎಚ್‌ಡಿಯನ್ನೇ ಹೋಲುತ್ತದೆ. ಅದನ್ನು ಬಗೆಹರಿಸದೆ ಉತ್ತೇಜಕ ಕೊಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ವಯಸ್ಕರಲ್ಲಿ ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು 12 ವರ್ಷದೊಳಗೇ ಕಾಣಿಸಿಕೊಂಡಿರಬೇಕೆಂದು ರೋಗನಿರ್ಣಯದ ಮಾನದಂಡ ಹೇಳುತ್ತದೆ. ಹಳೆಯ ಶಾಲಾ ವರದಿಯೋ ಮನೆಯ ಹಿರಿಯರ ನೆನಪೋ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಅಳೆಯುವ ಮೂರು ಸಂಗತಿಗಳನ್ನು ಆರಿಸಿಕೊಳ್ಳಿ

ಬಹಳ ಜನ ತಪ್ಪುವುದು ಇಲ್ಲಿ. ಮೊದಲ ತಿಂಗಳ ಕೊನೆಗೆ ವೈದ್ಯರು ನನ್ನನ್ನು "ಹೇಗಿದೆ?" ಎಂದು ಕೇಳಿದರು. ನಾನು "ಪರವಾಗಿಲ್ಲ ಡಾಕ್ಟ್ರೇ" ಎಂದೆ. ಅವರು ಅದೇ ಡೋಸನ್ನು ಇನ್ನೊಂದು ತಿಂಗಳಿಗೆ ಬರೆದುಕೊಟ್ಟರು. ಅವರದೇನೂ ತಪ್ಪಿರಲಿಲ್ಲ, "ಪರವಾಗಿಲ್ಲ" ಎಂಬ ಒಂದು ಪದದಿಂದ ಯಾವ ವೈದ್ಯರಾದರೂ ಏನನ್ನು ತಿಳಿದುಕೊಳ್ಳಲು ಸಾಧ್ಯ? ಗಮನದ ತೊಂದರೆ ಇರುವವರಿಗೆ ಕಳೆದ ನಾಲ್ಕು ವಾರ ಹೇಗಿತ್ತೆಂದು ಜ್ಞಾಪಿಸಿಕೊಳ್ಳುವುದೇ ಕಷ್ಟ, ನೆನಪಿಗೆ ಬರುವುದು ನಿನ್ನೆ ಮೊನ್ನೆಯದಷ್ಟೇ. ಬರೆಯದೆ ವಿಧಿಯಿಲ್ಲ.

ಔಷಧಿ ಶುರುವಾಗುವುದಕ್ಕೆ ಒಂದು ವಾರ ಮೊದಲೇ, ನಿಮ್ಮ ದಿನದಲ್ಲಿ ನಿಜವಾಗಿ ನೋವು ಕೊಡುವ ಮೂರು ಸಂಗತಿಗಳನ್ನು ಆರಿಸಿಕೊಳ್ಳಿ. ಅವು ಎಣಿಸುವಂತಿರಬೇಕು. "ಏಕಾಗ್ರತೆ ಹೆಚ್ಚಬೇಕು" ಎಂದರೆ ಎಣಿಸಲಾಗುವುದಿಲ್ಲ. ನಾನು ಆರಿಸಿಕೊಂಡವು ಹೀಗಿದ್ದವು: ಬೆಳಿಗ್ಗೆ ಮೇಜಿನ ಮುಂದೆ ಕುಳಿತ ಮೇಲೆ ನಿಜವಾದ ಕೆಲಸ ಶುರುವಾಗಲು ಹಿಡಿಯುವ ನಿಮಿಷಗಳು, ಒಂದು ಪುಟವನ್ನು ಎಷ್ಟು ಸಲ ಮೊದಲಿನಿಂದ ಓದಬೇಕಾಯಿತು, ಮನೆಯವರು ಮಾತಾಡುವಾಗ ನಡುವೆ ಬಾಯಿ ಹಾಕಿದ್ದು ಎಷ್ಟು ಬಾರಿ. ಮೂರನೆಯದನ್ನು ನನ್ನ ಹೆಂಡತಿ ಎಣಿಸುತ್ತಿದ್ದಳು, ಏಕೆಂದರೆ ನಾನು ಬಾಯಿ ಹಾಕಿದ್ದು ನನಗೇ ಗೊತ್ತಾಗುತ್ತಿರಲಿಲ್ಲ. ಔಷಧಿಗೆ ಮುಂಚಿನ ವಾರದ ಸರಾಸರಿ: 70 ನಿಮಿಷ, 4 ಸಲ, 9 ಬಾರಿ. ಈ ಮೂರು ಅಂಕಿಗಳ ಮೇಲೆಯೇ ಮುಂದಿನದೆಲ್ಲ ನಿಂತಿತು.

ಇದರ ಜೊತೆಗೆ, ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ರೂಪುಗೊಂಡ ಎಎಸ್‌ಆರ್‌ಎಸ್ ಎಂಬ 18 ಪ್ರಶ್ನೆಗಳ ಪಟ್ಟಿಯನ್ನು ಪ್ರತಿ ಡೋಸ್ ಬದಲಾವಣೆಗೆ ಮುಂಚೆ ಒಮ್ಮೆ ತುಂಬಿಸಿದರೆ ವೈದ್ಯರಿಗೆ ಹೋಲಿಸಿ ನೋಡಲು ಅನುಕೂಲ. ಆದರೆ ಅದು ಎಲ್ಲರಿಗೂ ಮಾಡಿದ ಅಂಗಿ. ನಿಮ್ಮ ಅಳತೆಯ ಅಂಗಿ ಆ ಮೂರು ಸಂಗತಿಗಳೇ.

ಯಾವ ಔಷಧಿಯಿಂದ ಶುರು?

ಔಷಧಿಗಳಲ್ಲಿ ಎರಡು ದೊಡ್ಡ ಗುಂಪುಗಳು: ಉತ್ತೇಜಕಗಳು ಮತ್ತು ಉತ್ತೇಜಕವಲ್ಲದವು. ಉತ್ತೇಜಕಗಳಲ್ಲಿ ಮತ್ತೆ ಎರಡು ಮನೆತನ. ಆಂಫೆಟಮಿನ್ ಮನೆತನದ ಬೆಂಜೆಡ್ರಿನ್ ಅನ್ನು ಮಕ್ಕಳಿಗೆ ಕೊಟ್ಟಾಗ ಅವರ ಓದು ಮತ್ತು ನಡವಳಿಕೆ ಸುಧಾರಿಸಿದ್ದನ್ನು ಅಮೆರಿಕದ ವೈದ್ಯ ಚಾರ್ಲ್ಸ್ ಬ್ರ್ಯಾಡ್ಲಿ 1937ರಲ್ಲಿ ವರದಿ ಮಾಡಿದರು. ಮೀಥೈಲ್‌ಫೆನಿಡೇಟ್ ಅನ್ನು 1944ರಲ್ಲಿ ತಯಾರಿಸಿದವರು ಲಿಯಾಂಡ್ರೊ ಪನಿಜಾನ್. ರಿಟಾಲಿನ್ ಎಂಬ ಹೆಸರು ಬಂದದ್ದು ಅವರ ಹೆಂಡತಿ ರೀಟಾ ಅವರಿಂದ. ಎರಡೂ ಮನೆತನಗಳು ಮಿದುಳಿನ ಸಂದೇಶವಾಹಕಗಳಾದ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಹೆಚ್ಚು ಹೊತ್ತು ಕೆಲಸಕ್ಕೆ ಸಿಗುವಂತೆ ಮಾಡುತ್ತವೆ, ಆದರೆ ದಾರಿ ಬೇರೆ. ಮೀಥೈಲ್‌ಫೆನಿಡೇಟ್ ಮುಖ್ಯವಾಗಿ ಅವು ನರಕೋಶದೊಳಕ್ಕೆ ಮರಳಿ ಹೋಗುವುದನ್ನು ತಡೆಯುತ್ತದೆ. ಆಂಫೆಟಮಿನ್ ಅದರ ಜೊತೆಗೆ ಅವುಗಳನ್ನು ಹೊರಕ್ಕೂ ತಳ್ಳುತ್ತದೆ. ಒಂದು ಒಗ್ಗದವರಿಗೆ ಇನ್ನೊಂದು ಒಗ್ಗುವುದು ಸಾಮಾನ್ಯವಾಗಿರುವುದಕ್ಕೆ ಈ ವ್ಯತ್ಯಾಸವೂ ಒಂದು ಕಾರಣವಿರಬಹುದು. ಆದ್ದರಿಂದ ಮೊದಲ ಔಷಧಿ ಕೈಕೊಟ್ಟರೆ "ನನಗೆ ಮದ್ದೇ ಇಲ್ಲ" ಎಂದು ಕೈಚೆಲ್ಲಬಾರದು.

133 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ, 2018ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ, ವಯಸ್ಕರಲ್ಲಿ ಅಲ್ಪಾವಧಿಯ ಚಿಕಿತ್ಸೆಗೆ ಮೊದಲ ಆಯ್ಕೆಯಾಗಿ ಆಂಫೆಟಮಿನ್ ಮನೆತನವನ್ನೂ ಮಕ್ಕಳಲ್ಲಿ ಮೀಥೈಲ್‌ಫೆನಿಡೇಟ್ ಅನ್ನೂ ಸೂಚಿಸಿತು. ಅದೇ ವರ್ಷ ಬ್ರಿಟನ್ನಿನ ನೈಸ್ ಸಂಸ್ಥೆ ಹೊರತಂದ ಮಾರ್ಗಸೂಚಿ ವಯಸ್ಕರಿಗೆ ಲಿಸ್‌ಡೆಕ್ಸ್‌ಆಂಫೆಟಮಿನ್ ಅಥವಾ ಮೀಥೈಲ್‌ಫೆನಿಡೇಟ್, ಎರಡರಲ್ಲಿ ಒಂದರಿಂದ ಶುರು ಮಾಡಬಹುದು ಎಂದಿತು. ಎಲ್ಲ ದೇಶಗಳಲ್ಲಿಯೂ ಎಲ್ಲ ಔಷಧಿಗಳಿಗೆ ಪರವಾನಗಿ ಇಲ್ಲ. ಹಲವೆಡೆ ಆಂಫೆಟಮಿನ್ ಮನೆತನವೇ ಸಿಗುವುದಿಲ್ಲ. ಸಿಗುವುದರಿಂದಲೇ ಶುರು ಮಾಡಬೇಕಾಗುತ್ತದೆ, ಅದರಿಂದ ಚಿಂತೆಪಡಬೇಕಾಗಿಲ್ಲ.

ಔಷಧಿಯ ಹೆಸರಿನಷ್ಟೇ ಮುಖ್ಯವಾದದ್ದು ಅದು ದೇಹದೊಳಗೆ ಬಿಡುಗಡೆಯಾಗುವ ಬಗೆ. ಮೀಥೈಲ್‌ಫೆನಿಡೇಟಿನ ಸಾದಾ ಮಾತ್ರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಕೆಲಸ ಶುರು ಮಾಡಿ ಮೂರು ನಾಲ್ಕು ಗಂಟೆಗೆ ಮುಗಿದುಹೋಗುತ್ತದೆ. ದಿನಕ್ಕೆ ಎರಡು ಮೂರು ಬಾರಿ ನುಂಗಬೇಕು. ಮರೆವಿನ ತೊಂದರೆಗೇ ಮದ್ದು ತೆಗೆದುಕೊಳ್ಳುವವರಿಗೆ ಮಧ್ಯಾಹ್ನದ ಮಾತ್ರೆಯನ್ನು ನೆನಪಿಟ್ಟುಕೊಳ್ಳುವುದು ಎಂಥ ಕಷ್ಟವೆಂದು ಅನುಭವಿಸಿದವರಿಗೆ ಗೊತ್ತು. ದೀರ್ಘಾವಧಿ ಮೀಥೈಲ್‌ಫೆನಿಡೇಟಿನ ಆಸ್ಮೋಟಿಕ್ ಪಂಪ್ ಬಗೆಯ ಮಾತ್ರೆಯಲ್ಲಿ ಶೇಕಡ 22ರಷ್ಟು ಔಷಧಿ ಹೊರಗಿನ ಲೇಪದಲ್ಲಿದ್ದು ಬೇಗ ಕರಗುತ್ತದೆ. ಉಳಿದದ್ದು ಒಳಗೆ ನೀರು ಹೀರಿ ಉಬ್ಬುವ ಪದರದ ಒತ್ತಡಕ್ಕೆ ಸಣ್ಣ ರಂಧ್ರದಿಂದ ನಿಧಾನವಾಗಿ ಹೊರಬಂದು ಹತ್ತು ಹನ್ನೆರಡು ಗಂಟೆ ನಡೆಯುತ್ತದೆ. ಖಾಲಿ ಚಿಪ್ಪು ಮಲದಲ್ಲಿ ಹಾಗೆಯೇ ಕಾಣಿಸಿದರೆ ಗಾಬರಿ ಬೇಡ, ಔಷಧಿ ದೇಹದೊಳಗೇ ಉಳಿದಿದೆ. ಇಂಥ ಮಾತ್ರೆಯನ್ನು ಮುರಿಯುವುದು, ಅಗಿಯುವುದು, ಪುಡಿ ಮಾಡುವುದು ಸಲ್ಲದು. ಹಾಗೆ ಮಾಡಿದರೆ ದಿನದ ಮದ್ದೆಲ್ಲ ಒಮ್ಮೆಗೇ ರಕ್ತಕ್ಕೆ ಸೇರುತ್ತದೆ. ಲಿಸ್‌ಡೆಕ್ಸ್‌ಆಂಫೆಟಮಿನ್ ಇನ್ನೊಂದು ಜಾಣ ಏರ್ಪಾಡು: ನುಂಗಿದಾಗ ಅದು ನಿಷ್ಕ್ರಿಯ, ಕೆಂಪು ರಕ್ತಕಣಗಳಲ್ಲಿ ಒಡೆದ ಮೇಲಷ್ಟೇ ಡೆಕ್ಸ್ಟ್ರೊಆಂಫೆಟಮಿನ್ ಆಗಿ ಕೆಲಸಕ್ಕಿಳಿಯುತ್ತದೆ. ಹಾಗಾಗಿ ಏರುವುದೂ ಇಳಿಯುವುದೂ ಮೆಲ್ಲಗೆ, ಪರಿಣಾಮ ಹದಿಮೂರು ಹದಿನಾಲ್ಕು ಗಂಟೆಯವರೆಗೂ ಇರಬಹುದು.

ಮೆಟ್ಟಿಲು ಹತ್ತುವುದು

ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಡೋಸ್ ಏರಿಸಿದ ವಾರದಲ್ಲೇ ಕಾಫಿ ಬಿಡುವುದು, ವ್ಯಾಯಾಮ ಶುರು ಮಾಡುವುದು, ಹೊಸ ನಿದ್ರೆ ಮಾತ್ರೆ ನುಂಗುವುದು ಬೇಡ. ಏನು ಯಾವುದರಿಂದ ಆಯಿತೆಂದು ಆಮೇಲೆ ಬಿಡಿಸಲಾಗದು.

ದೀರ್ಘಾವಧಿ ಮೀಥೈಲ್‌ಫೆನಿಡೇಟ್ ಸಾಮಾನ್ಯವಾಗಿ 18 ಮಿಲಿಗ್ರಾಂನಿಂದ ಶುರುವಾಗಿ, ವಾರಕ್ಕೋ ಎರಡು ವಾರಕ್ಕೋ ಒಂದರಂತೆ 36, 54, ಅಗತ್ಯ ಬಿದ್ದರೆ 72ರವರೆಗೆ ಹೋಗುತ್ತದೆ. ಲಿಸ್‌ಡೆಕ್ಸ್‌ಆಂಫೆಟಮಿನ್ 30ರಿಂದ ಶುರುವಾಗಿ 70ಕ್ಕೆ ನಿಲ್ಲುತ್ತದೆ. ಉತ್ತೇಜಕಗಳ ವಿಶೇಷವೆಂದರೆ ಅವು ಕೆಲಸ ಮಾಡುವುದಾದರೆ ಅದೇ ದಿನ ಮಾಡುತ್ತವೆ, ವಾರಗಟ್ಟಲೆ ಕಾಯಬೇಕಿಲ್ಲ. ಆದರೂ ಪ್ರತಿ ಮೆಟ್ಟಿಲಿನಲ್ಲಿ ಒಂದು ವಾರವಾದರೂ ನಿಲ್ಲುವುದು ಏಕೆಂದರೆ ಒಂದು ಒಳ್ಳೆಯ ದಿನವನ್ನೋ ಒಂದು ಕೆಟ್ಟ ದಿನವನ್ನೋ ನೋಡಿ ತೀರ್ಮಾನಿಸಬಾರದು.

ಬರೆಯುವುದಕ್ಕೆ ದೊಡ್ಡ ಏರ್ಪಾಡೇನೂ ಬೇಡ. ಮಾತ್ರೆ ನುಂಗಿದ ಹೊತ್ತು, ಪರಿಣಾಮ ತಿಳಿದ ಹೊತ್ತು, ಇಳಿದ ಹೊತ್ತು, ಆ ಮೂರು ಅಂಕಿಗಳು, ಹಸಿವು, ಹಿಂದಿನ ರಾತ್ರಿಯ ನಿದ್ರೆಯ ಗಂಟೆಗಳು, ನಾಡಿಬಡಿತ, ಸಂಜೆಯ ಮನಃಸ್ಥಿತಿಗೆ ಒಂದು ಪದ. ಮಲಗುವ ಮುಂಚೆ ಎರಡು ನಿಮಿಷದ ಕೆಲಸ. ಹಲವು ದಿನ ಮರೆತುಹೋಗುತ್ತದೆ. ಮರೆತ ದಿನವನ್ನು ಖಾಲಿ ಬಿಡಿ, ಊಹಿಸಿ ತುಂಬಬೇಡಿ.

ಮೊದಲ ದಿನಗಳಲ್ಲಿ ಕೆಲವರಿಗೆ ಒಂದು ಉಲ್ಲಾಸ ಬರುತ್ತದೆ. ಲೋಕವೇ ತಿಳಿಯಾದಂತೆ, ಎಲ್ಲರ ಮೇಲೂ ಪ್ರೀತಿ ಉಕ್ಕಿದಂತೆ. ಅದು ಕೆಲವೇ ದಿನಗಳಲ್ಲಿ ಮರೆಯಾಗುತ್ತದೆ. ಅದೇ ಔಷಧಿಯ ಪರಿಣಾಮವೆಂದು ನಂಬಿದವರು, ಅದು ಹೋದಾಗ "ಮಾತ್ರೆ ಕೆಲಸ ಮಾಡುವುದು ನಿಲ್ಲಿಸಿದೆ" ಎಂದುಕೊಂಡು ಡೋಸ್ ಏರಿಸಲು ಕೇಳುತ್ತಾರೆ. ಆ ಉಲ್ಲಾಸದ ಬೆನ್ನು ಹತ್ತುವುದು ಈ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಅಪಾಯದ ದಾರಿ. ಮೂರು ಅಂಕಿಗಳು ಸುಧಾರಿಸಿದ್ದು ಹಾಗೆಯೇ ಉಳಿದಿದ್ದರೆ ಔಷಧಿ ಕೆಲಸ ಮಾಡುತ್ತಲೇ ಇದೆ.

ಹದ ಎಂದರೆ ಏನು?

ನಾನು ದಿನವೂ ಹೀಗೆ ಬರೆದಿಟ್ಟ ಪುಸ್ತಕದ ಎರಡು ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುತ್ತೇನೆ. 36 ಮಿಲಿಗ್ರಾಂನ ಎರಡನೆಯ ವಾರದ ಒಂದು ದಿನ: ಶುರು ಮಾಡಲು 15 ನಿಮಿಷ, ಮರುಓದು 1, ಬಾಯಿ ಹಾಕಿದ್ದು 3, ನಾಡಿ 78. ಸಂಜೆಯ ಪದ "ಸಮ". ಆ ದಿನ ಮಾತ್ರೆ ನುಂಗಿದ ಅರಿವೇ ನನಗಿರಲಿಲ್ಲ. ತಿಂಗಳುಗಳಿಂದ ಮೇಜಿನ ಮೇಲೆ ಬಿದ್ದಿದ್ದ ವಿಮೆಯ ಅರ್ಜಿಯನ್ನು ತುಂಬಿ ಲಕೋಟೆಗೆ ಹಾಕಿದೆ, ಹಾಕಿದ ಮೇಲೆ ಅದು ನಡೆದದ್ದು ಗೊತ್ತಾಯಿತು.

54 ಮಿಲಿಗ್ರಾಂನ ಐದನೆಯ ದಿನ: ಶುರು ಮಾಡಲು 5 ನಿಮಿಷ. ಅಂಕಿ ನೋಡಿದರೆ ಇನ್ನೂ ಚೆನ್ನಾಗಿದೆ. ಆದರೆ ಕೆಳಗೆ ಬರೆದದ್ದು ಹೀಗಿತ್ತು: ಒಂದು ಕೋಷ್ಟಕದ ಸಾಲುಗಳ ಬಣ್ಣ ಹೊಂದಿಸುತ್ತಾ ಮೂರು ಗಂಟೆ ಕುಳಿತೆ, ಬಾಯಾರಿದರೂ ಏಳಲಿಲ್ಲ, ದವಡೆ ಬಿಗಿ, ನಾಡಿ 98, ಮಗಳು ತಾನು ಬರೆದ ಚಿತ್ರ ತೋರಿಸಲು ಬಂದಳು, "ಚೆನ್ನಾಗಿದೆ" ಎಂದೆ, ಒಳಗೆ ಏನೂ ಅನ್ನಿಸಲಿಲ್ಲ. ಬಾಯಿ ಹಾಕಿದ್ದು ಸೊನ್ನೆ, ಏಕೆಂದರೆ ಆ ದಿನ ನಾನು ಮಾತನ್ನೇ ಆಡಿರಲಿಲ್ಲ. ಹೆಂಡತಿ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದಳು: "ಇವರು ಮನೆಯಲ್ಲಿಲ್ಲ." ಮುಂದಿನ ಭೇಟಿಯಲ್ಲಿ ಆ ಪುಟವನ್ನು ವೈದ್ಯರ ಮುಂದಿಟ್ಟೆ. ಅವರು ಹೆಚ್ಚು ಪ್ರಶ್ನೆ ಕೇಳದೆ ಡೋಸನ್ನು 36ಕ್ಕೆ ಇಳಿಸಿದರು.

ಅತಿಯಾದರೆ ಅಮೃತವೂ ವಿಷ ಎಂಬ ಮಾತು ಈ ಔಷಧಿಗಳಿಗೆ ಅಕ್ಷರಶಃ ಸಲ್ಲುತ್ತದೆ. ಹದ ಮೀರಿದ ಗುರುತುಗಳು: ಭಾವನೆ ಮರಗಟ್ಟಿದಂತಾಗುವುದು, ಒಂದಕ್ಕೇ ಅಂಟಿಕೊಂಡು ಬಿಡಿಸಿಕೊಳ್ಳಲಾಗದಿರುವುದು, ಕೈ ನಡುಕ, ಕಾರಣವಿಲ್ಲದ ಆತಂಕ, ನಗು ಕಡಿಮೆಯಾಗುವುದು. ಹದ ಸಾಲದ ಗುರುತುಗಳು: ಒಂದೆರಡು ಗಂಟೆ ಚೆನ್ನಾಗಿದ್ದು ಮತ್ತೆ ಮೊದಲಿನಂತಾಗುವುದು, ಗಮನ ಸುಧಾರಿಸಿದರೂ ಕೆಲಸ ಶುರುವಾಗದಿರುವುದು, ಅಥವಾ ಏನೂ ವ್ಯತ್ಯಾಸವಿಲ್ಲದಿರುವುದು. ಒಂದು ಮೆಟ್ಟಿಲು ಹತ್ತಿದಾಗ ಲಾಭ ಹೆಚ್ಚಾಗದೆ ತೊಂದರೆ ಮಾತ್ರ ಹೆಚ್ಚಿದರೆ, ಹಿಂದಿನ ಮೆಟ್ಟಿಲೇ ನಿಮ್ಮದು. ಪಟ್ಟಿಯಲ್ಲಿರುವ ಗರಿಷ್ಠ ಡೋಸನ್ನು ಮುಟ್ಟಲೇಬೇಕೆಂದಿಲ್ಲ, ಕನಿಷ್ಠದಲ್ಲೇ ನಿಲ್ಲುವುದರಲ್ಲಿ ಹಿರಿಮೆಯೂ ಇಲ್ಲ.

ಮುಂಗೋಪ ಬಂದಾಗ ಗಡಿಯಾರ ನೋಡಿ

ಸಿಡುಕು, ಅಳು, ತಳಮಳ ಎರಡು ವಿರುದ್ಧ ಕಾರಣಗಳಿಂದ ಬರಬಹುದು, ಎರಡಕ್ಕೂ ಪರಿಹಾರ ಬೇರೆ ಬೇರೆ. ಮಾತ್ರೆಯ ಪರಿಣಾಮ ತುತ್ತತುದಿಯಲ್ಲಿರುವ ಹೊತ್ತಿಗೆ ಬಂದರೆ ಡೋಸ್ ಹೆಚ್ಚಾಗಿರಬಹುದು. ಸಂಜೆ ಔಷಧಿ ಇಳಿಯುವ ಹೊತ್ತಿಗೆ ಬಂದು, ಒಂದು ಗಂಟೆಯಲ್ಲಿ ತಾನಾಗಿ ಹೋದರೆ ಅದು ಮದ್ದು ಥಟ್ಟನೆ ಇಳಿದುಹೋದದ್ದರ ಫಲ. ವೈದ್ಯರು ಅದಕ್ಕೆ ಹೆಚ್ಚು ಹೊತ್ತು ನಡೆಯುವ ರೂಪವನ್ನೋ, ಮಧ್ಯಾಹ್ನದ ಒಂದು ಸಣ್ಣ ಸಾದಾ ಮಾತ್ರೆಯನ್ನೋ ಸೂಚಿಸಬಹುದು. ಗಡಿಯಾರ ನೋಡದೆ "ಸಿಡುಕು ಬರುತ್ತಿದೆ" ಎಂದಷ್ಟೇ ಹೇಳಿದರೆ ಇಳಿಸಬೇಕಾದಲ್ಲಿ ಏರಿಸುವ, ಏರಿಸಬೇಕಾದಲ್ಲಿ ನಿಲ್ಲಿಸುವ ಸಂಭವವಿದೆ. ಸಂಜೆಯ ಸಿಡುಕಿಗೆ ಇನ್ನೊಂದು ಸಾದಾ ಕಾರಣವೂ ಉಂಟು: ಹಸಿವಾಗದೆ ಮಧ್ಯಾಹ್ನ ಉಣ್ಣದಿರುವುದು.

ಹಸಿವು ಕುಗ್ಗುವುದು ಉತ್ತೇಜಕಗಳ ಅತಿ ಸಾಮಾನ್ಯ ಅಡ್ಡಪರಿಣಾಮ. ಬೆಳಿಗ್ಗೆ ಮಾತ್ರೆಗೆ ಮುಂಚೆಯೇ ಹೊಟ್ಟೆ ತುಂಬ ಉಂಡು, ಮಧ್ಯಾಹ್ನ ಹಸಿವಿಲ್ಲದಿದ್ದರೂ ಗಡಿಯಾರ ನೋಡಿ ಉಂಡರೆ ಬಹುಮಟ್ಟಿಗೆ ನಿಭಾಯಿಸಬಹುದು. ಬಾಯಿ ಒಣಗುವುದು, ತಲೆನೋವು ಮೊದಲ ವಾರಗಳಲ್ಲಿ ಬಂದು ಹಲವರಲ್ಲಿ ಕಡಿಮೆಯಾಗುತ್ತವೆ. ನಿದ್ರೆ ಬಾರದಿದ್ದರೆ ಮೊದಲು ಮಾತ್ರೆಯನ್ನು ಬೆಳಿಗ್ಗೆ ಇನ್ನೂ ಬೇಗ ನುಂಗಬೇಕು. ಬೆಳಿಗ್ಗೆ ಮರೆತ ದೀರ್ಘಾವಧಿ ಮಾತ್ರೆಯನ್ನು ಮಧ್ಯಾಹ್ನ ದಾಟಿದ ಮೇಲೆ ನುಂಗುವುದು ಬೇಡ, ಮರುದಿನ ಎರಡು ನುಂಗುವುದಂತೂ ಬೇಡವೇ ಬೇಡ.

ಇನ್ನು ಕಾಯಬಾರದ ಲಕ್ಷಣಗಳು: ಎದೆನೋವು, ಪ್ರಜ್ಞೆ ತಪ್ಪುವುದು, ಕುಳಿತಲ್ಲೇ ಉಸಿರಾಟಕ್ಕೆ ಕಷ್ಟವಾಗುವುದು, ಇಲ್ಲದ್ದು ಕಾಣಿಸುವುದು ಕೇಳಿಸುವುದು, ದಿನಗಟ್ಟಲೆ ನಿದ್ರೆಯಿಲ್ಲದೆಯೂ ಉತ್ಸಾಹ ಉಕ್ಕುವುದು, ಸಾಯುವ ಆಲೋಚನೆ, ನಾಲ್ಕು ಗಂಟೆ ದಾಟಿದರೂ ಇಳಿಯದ ನೋವಿನ ಶಿಶ್ನ ನಿಮಿರುವಿಕೆ. ಇವುಗಳಲ್ಲಿ ಯಾವುದಾದರೂ ಕಂಡರೆ ಮುಂದಿನ ಭೇಟಿಗೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಬೆರಳುಗಳು ತಣ್ಣಗಾಗಿ ಬಿಳಿಚಿಕೊಳ್ಳುವುದು ಅಷ್ಟು ತುರ್ತಲ್ಲ, ಆದರೂ ವೈದ್ಯರಿಗೆ ತಿಳಿಸಬೇಕು.

ಲೆಕ್ಕ ತಪ್ಪಿಸುವ ಸಂಗತಿಗಳು

"ಅದೇ ಮಾತ್ರೆ, ಅದೇ ಡೋಸ್, ಆದರೂ ಇಂದು ಕೆಲಸ ಮಾಡಲಿಲ್ಲ" ಎನ್ನುವ ದಿನಗಳು ಬಂದೇ ಬರುತ್ತವೆ. ಬಹಳ ಸಲ ಕಾರಣ ಹಿಂದಿನ ರಾತ್ರಿಯ ನಿದ್ರೆ. ನನ್ನ ಪುಸ್ತಕದಲ್ಲಿ ಆರು ಗಂಟೆಗಿಂತ ಕಡಿಮೆ ಮಲಗಿದ ದಿನಗಳಿಗೆ ಗೆರೆ ಎಳೆದು ನೋಡಿದಾಗ, "ಕೆಲಸ ಮಾಡಲಿಲ್ಲ" ಎಂದು ಬರೆದ ದಿನಗಳಲ್ಲಿ ಹೆಚ್ಚಿನವು ಅವೇ ಆಗಿದ್ದವು. ಕಾಫಿ ನಾಡಿಬಡಿತವನ್ನೂ ಆತಂಕವನ್ನೂ ಏರಿಸಿ, ತಪ್ಪನ್ನು ಔಷಧಿಯ ತಲೆಗೆ ಕಟ್ಟುತ್ತದೆ. ಡೋಸ್ ಹುಡುಕುವ ವಾರಗಳಲ್ಲಿ ಅದನ್ನು ದಿನವೂ ಒಂದೇ ಅಳತೆಯಲ್ಲಿ ಇಡುವುದು ಒಳ್ಳೆಯದು. ಮೂಗು ಕಟ್ಟಿದ್ದಕ್ಕೆ ಕೊಡುವ ಸೂಡೊಎಫೆಡ್ರಿನ್ ಇರುವ ಮಾತ್ರೆ ಉತ್ತೇಜಕದೊಡನೆ ಸೇರಿ ರಕ್ತದೊತ್ತಡ ಏರಿಸಬಹುದು. ಆಂಫೆಟಮಿನ್ ಮನೆತನದಲ್ಲಿ ಮೂತ್ರ ಆಮ್ಲೀಯವಾದಷ್ಟೂ ಔಷಧಿ ಬೇಗ ಹೊರಹೋಗುತ್ತದೆ. ಹೆಚ್ಚು ಪ್ರಮಾಣದ ವಿಟಮಿನ್ ಸಿ ಪರಿಣಾಮವನ್ನು ತಗ್ಗಿಸಬಹುದು, ಹೊಟ್ಟೆಯುರಿಯ ಸೋಡಾದಂಥ ಪುಡಿ ಹೆಚ್ಚಿಸಬಹುದು. ಮದ್ಯ ಮೀಥೈಲ್‌ಫೆನಿಡೇಟಿನ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ, ಕೆಲವು ದೀರ್ಘಾವಧಿ ಕ್ಯಾಪ್ಸೂಲುಗಳಿಂದ ಔಷಧಿ ಒಮ್ಮೆಲೇ ಹೊರಬರುವಂತೆಯೂ ಮಾಡುತ್ತದೆ. ಮುಟ್ಟಿನ ಹಿಂದಿನ ದಿನಗಳಲ್ಲಿ ಔಷಧಿ ಸಾಲುತ್ತಿಲ್ಲವೆಂದು ಅನೇಕ ಮಹಿಳೆಯರು ಹೇಳುತ್ತಾರೆ; ಬರೆಯುವ ಪುಸ್ತಕದಲ್ಲಿ ಋತುಚಕ್ರದ ದಿನವನ್ನೂ ಗುರುತಿಸಿದರೆ ವೈದ್ಯರೊಡನೆ ಮಾತಾಡಲು ಆಧಾರ ಸಿಗುತ್ತದೆ.

ಅಂಗಡಿಯಲ್ಲಿ ಕಂಪನಿ ಬದಲಾದರೂ ವ್ಯತ್ಯಾಸವಾಗಬಹುದು. ದೀರ್ಘಾವಧಿ ಮೀಥೈಲ್‌ಫೆನಿಡೇಟಿನಲ್ಲಿ ಮಿಲಿಗ್ರಾಂ ಒಂದೇ ಇದ್ದರೂ ಬಿಡುಗಡೆಯ ಬಗೆ ಬೇರೆಯಿರುತ್ತದೆ. 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಎರಡು ಜೆನೆರಿಕ್ ತಯಾರಿಕೆಗಳು ಮೂಲ ಔಷಧಿಗೆ ಸಮವಾಗಿವೆ ಎನ್ನಲಾಗದೆಂದು ಅವುಗಳ ಶ್ರೇಣಿಯನ್ನೇ ಬದಲಿಸಿತು. ಹಾಗಾಗಿ ಮಾತ್ರೆಯ ಪೊಟ್ಟಣದ ಮೇಲಿನ ತಯಾರಕರ ಹೆಸರನ್ನೂ ಬರೆದಿಡಿ.

ತಾಳ್ಮೆ ಬೇಡುವ ಔಷಧಿ

ಉತ್ತೇಜಕಗಳು ಒಗ್ಗದವರಿಗೆ, ಚಟದ ಹಿನ್ನೆಲೆಯಿರುವವರಿಗೆ, ಅಥವಾ ಅವು ಸಿಗದ ಕಡೆ, ಅಟೊಮಾಕ್ಸೆಟಿನ್ ಇದೆ. 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇದು ಎಡಿಎಚ್‌ಡಿಗೆ ಬಂದ ಮೊದಲ ಉತ್ತೇಜಕವಲ್ಲದ ಔಷಧಿ. ಇದರ ನಡಿಗೆಯೇ ಬೇರೆ. ದಿನಕ್ಕೆ 40 ಮಿಲಿಗ್ರಾಂನಿಂದ ಶುರುವಾಗಿ 80ಕ್ಕೆ, ಬೇಕಾದರೆ 100ಕ್ಕೆ ಏರುತ್ತದೆ; ಪೂರ್ತಿ ಪರಿಣಾಮ ತಿಳಿಯಲು ನಾಲ್ಕರಿಂದ ಆರು ವಾರ, ಕೆಲವರಿಗೆ ಹನ್ನೆರಡು ವಾರವೇ ಬೇಕು. ಆದರೆ ಅಡ್ಡಪರಿಣಾಮಗಳು ಮೊದಲ ವಾರವೇ ಬರುತ್ತವೆ: ವಾಕರಿಕೆ, ಬಾಯಿ ಒಣಗುವುದು, ಮೂತ್ರ ಕಟ್ಟಿದಂತಾಗುವುದು, ಲೈಂಗಿಕ ತೊಂದರೆ. ಕಷ್ಟ ಮೊದಲು, ಫಲ ಆಮೇಲೆ ಎಂಬ ಈ ಕ್ರಮ ತಿಳಿಯದೆ ಹತ್ತನೆಯ ದಿನಕ್ಕೇ ಬಿಟ್ಟವರು ಬಹಳ. ಊಟದ ಜೊತೆ ತೆಗೆದುಕೊಂಡರೆ ವಾಕರಿಕೆ ಕಡಿಮೆ. ಸಿವೈಪಿ2ಡಿ6 ಎಂಬ ಕಿಣ್ವ ಹುಟ್ಟಿನಿಂದಲೇ ದುರ್ಬಲವಾಗಿರುವವರಲ್ಲಿ ಈ ಔಷಧಿ ರಕ್ತದಲ್ಲಿ ಹಲವು ಪಟ್ಟು ಏರುತ್ತದೆ. ಖಿನ್ನತೆಗೆ ಕೊಡುವ ಪ್ಯಾರೊಕ್ಸೆಟಿನ್, ಫ್ಲುಯೊಕ್ಸೆಟಿನ್ ಕೂಡ ಅದೇ ಕಿಣ್ವವನ್ನು ತಡೆಯುತ್ತವೆ, ಆಗ ಏರಿಸುವುದು ಇನ್ನೂ ನಿಧಾನವಾಗಿರಬೇಕು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ತಕ್ಷಣ ತೋರಿಸಬೇಕು. ಯಕೃತ್ತಿಗೆ ಹಾನಿಯಾಗುವುದು ಅಪರೂಪ, ಆದರೆ ಆಗಿದ್ದುಂಟು.

ವಯಸ್ಕರಿಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ವಿಲೊಕ್ಸಜಿನ್ ದೇಹದಲ್ಲಿ ಕೆಫೀನ್ ಕರಗುವುದನ್ನು ತಡೆಯುತ್ತದೆ, ಅದನ್ನು ತೆಗೆದುಕೊಳ್ಳುವವರಿಗೆ ಎಂದಿನ ಕಾಫಿಯೇ ವಿಪರೀತವೆನ್ನಿಸಬಹುದು. ಬ್ಯುಪ್ರೊಪಿಯಾನ್, ಗ್ವಾನ್‌ಫಸಿನ್‌ಗಳನ್ನೂ ಕೆಲವು ವೈದ್ಯರು ಬಳಸುತ್ತಾರೆ. ಗ್ವಾನ್‌ಫಸಿನ್ ರಕ್ತದೊತ್ತಡ ಇಳಿಸುವ ಔಷಧಿ. ಅದನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡ ಜಿಗಿಯುತ್ತದೆ, ಹಂತಹಂತವಾಗಿಯೇ ಬಿಡಬೇಕು.

ಬದಲಿಸುವುದು ಯಾವಾಗ?

ಸಾಕಷ್ಟು ಡೋಸಿನಲ್ಲಿ ಆರು ವಾರ ಕೊಟ್ಟು ನೋಡಿದರೂ ಬದುಕಿನಲ್ಲಿ ಗೊತ್ತಾಗುವಷ್ಟು ಲಾಭವಿಲ್ಲದಿದ್ದರೆ ಇನ್ನೊಂದು ಮನೆತನಕ್ಕೆ ಹೋಗಬೇಕೆಂದು ನೈಸ್ ಮಾರ್ಗಸೂಚಿ ಹೇಳುತ್ತದೆ. "ಸಾಕಷ್ಟು ಡೋಸಿನಲ್ಲಿ" ಎಂಬ ಮಾತನ್ನು ಬಿಡಬಾರದು. ಮೊದಲ ಮೆಟ್ಟಿಲಿನಲ್ಲೇ ಎರಡು ತಿಂಗಳು ನಿಂತು ಔಷಧಿಯೇ ಸರಿಯಿಲ್ಲ ಎನ್ನುವುದು ಆ ಔಷಧಿಗೂ ನಿಮಗೂ ಮಾಡುವ ಅನ್ಯಾಯ. ಎರಡು ಮನೆತನಗಳನ್ನೂ ಸರಿಯಾಗಿ ನೋಡಿ ಆದಮೇಲೂ ಫಲವಿಲ್ಲದಿದ್ದರೆ, ಮತ್ತೊಂದು ಮಾತ್ರೆ ಹುಡುಕುವ ಮೊದಲು ರೋಗನಿರ್ಣಯವನ್ನೇ ಮತ್ತೆ ಪರಿಶೀಲಿಸುವಂತೆ ವೈದ್ಯರನ್ನು ಕೇಳಿ: ಆತಂಕ, ಖಿನ್ನತೆ, ನಿದ್ರೆ, ಥೈರಾಯ್ಡ್.

ಪ್ರತಿ ಭೇಟಿಗೂ ಪುಸ್ತಕವನ್ನೆಲ್ಲ ಹೊತ್ತೊಯ್ಯಬೇಡಿ. ವೈದ್ಯರಿಗೆ ಅಷ್ಟು ಹೊತ್ತಿಲ್ಲ. ಒಂದೇ ಹಾಳೆಯಲ್ಲಿ, ಪ್ರತಿ ಡೋಸಿಗೆ ಒಂದು ಸಾಲಿನಂತೆ, ಮೂರು ಅಂಕಿಗಳ ಸರಾಸರಿ, ನಾಡಿ ಮತ್ತು ರಕ್ತದೊತ್ತಡ, ಅತಿ ತೊಂದರೆ ಕೊಟ್ಟ ಒಂದು ಅಡ್ಡಪರಿಣಾಮ ಮತ್ತು ಅದು ಬಂದ ಹೊತ್ತು. ಜೊತೆಯಲ್ಲಿರುವವರ ಮಾತು ಒಂದು ಸಾಲು. ನನ್ನ ಹೆಂಡತಿಯ ಎರಡು ಪದಗಳು ನನ್ನ ಮೂರು ತಿಂಗಳ ವಿವರಣೆಗಿಂತ ಹೆಚ್ಚು ಹೇಳಿದವು.

ಹದ ಸಿಕ್ಕಿದ ಮೇಲೆ

ಡೋಸ್ ನಿಂತ ಮೇಲೂ ರಕ್ತದೊತ್ತಡ, ನಾಡಿ, ತೂಕಗಳನ್ನು ಆರು ತಿಂಗಳಿಗೊಮ್ಮೆ ನೋಡಬೇಕು. ಔಷಧಿ ಇನ್ನೂ ಬೇಕೇ ಎಂಬ ಪ್ರಶ್ನೆಯನ್ನು ವರ್ಷಕ್ಕೊಮ್ಮೆಯಾದರೂ ವೈದ್ಯರೊಡನೆ ಎತ್ತಬೇಕು. ಮಾತ್ರೆಗಳನ್ನು ಬೀಗ ಹಾಕಿಡಿ, ಪರೀಕ್ಷೆಗೆ ಓದುವ ನೆಂಟರ ಹುಡುಗ ಕೇಳಿದರೂ ಕೊಡಬೇಡಿ. ಹೃದಯದ ತೊಂದರೆ ಗೊತ್ತಿಲ್ಲದೆ ಇರುವವರಿಗೆ ಒಂದು ಮಾತ್ರೆಯೂ ಅಪಾಯ ತರಬಹುದು, ಹಾಗೆ ಕೊಡುವುದು ಅಪರಾಧವೂ ಹೌದು. ಬೇರೆ ದೇಶಕ್ಕೆ ಹೊರಡುವ ಮುಂಚೆ ಅಲ್ಲಿ ನಿಮ್ಮ ಔಷಧಿಗೆ ಅನುಮತಿಯಿದೆಯೇ ಎಂದು ವಿಚಾರಿಸಿಕೊಳ್ಳಿ. ಆಂಫೆಟಮಿನ್ ಮನೆತನವನ್ನು ಒಳಗೇ ಬಿಡದ ದೇಶಗಳಿವೆ.

ಒಂದೆರಡು ವರ್ಷ ಚೆನ್ನಾಗಿ ನಡೆದ ಡೋಸ್ ಈಗ ಸಾಲುತ್ತಿಲ್ಲ ಅನ್ನಿಸಿದರೆ, ಏರಿಸುವ ಮಾತಿಗೆ ಮುಂಚೆ ಎರಡು ವಾರ ಮತ್ತೆ ಪುಸ್ತಕ ತೆರೆದು ಅದೇ ಮೂರು ಸಂಗತಿಗಳನ್ನು ಎಣಿಸಿ. ಕಳೆದ ವರ್ಷ ನಾನು ಹಾಗೆ ಎಣಿಸಿದಾಗ ಶುರು ಮಾಡುವ ನಿಮಿಷಗಳು 40ಕ್ಕೆ ಏರಿದ್ದವು. ಪಕ್ಕದ ಅಂಕಣದಲ್ಲಿ ನಿದ್ರೆ ಐದೂವರೆ ಗಂಟೆಗೆ ಇಳಿದಿತ್ತು. ಡೋಸ್ ಹಾಗೆಯೇ ಇಟ್ಟು, ರಾತ್ರಿ ಹತ್ತೂವರೆಗೆ ದೀಪ ಆರಿಸುವುದಕ್ಕೆ ಶುರು ಮಾಡಿದೆ. ಮೂರನೆಯ ವಾರದ ಪುಟದಲ್ಲಿ 20 ಎಂದಿದೆ.